ಸಿಗರೇಟ್ ಪ್ಯಾಕಿನ ಮೇಲಿರುವ ನಂಬರಿಗೆ ಫೋನ್ ಮಾಡಿದೆ

ಪ್ಯಾಕಿನ ಮೇಲೆ ಆ ಚಿತ್ರದ ಜೊತೆ 1800-11-2356 ಅಂತ ಇರುತ್ತದೆ ಅಲ್ವಾ, ಅದು ಸರ್ಕಾರದ ಕ್ವಿಟ್‌ಲೈನ್, ಅಂದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ. ಕರೆ ಉಚಿತ. ಕನ್ನಡದಲ್ಲೇ ಮಾತಾಡುತ್ತಾರೆ, ನಮ್ಮ ಕಡೆಯ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನವರೇ ನೋಡಿಕೊಳ್ಳುವುದು.

ಮೇಡಂ ಬೈಯಲಿಲ್ಲ. ದಿನಕ್ಕೆ ಎಷ್ಟು ಸೇದುತ್ತೀರಿ, ಒಂದಕ್ಕೆ ಎಷ್ಟು ಕೊಡುತ್ತೀರಿ ಅಂತ ಕೇಳಿದರು ಅಷ್ಟೇ. 10 ಸಿಗರೇಟು, ಒಂದಕ್ಕೆ 18 ರೂಪಾಯಿ. ಅಂದರೆ ತಿಂಗಳಿಗೆ 5,400, ವರ್ಷಕ್ಕೆ 65,700! ಹೋದ ವರ್ಷ ಮಗಳ ಸ್ಕೂಲ್ ಫೀಸಿಗೆ ನಾನು ಸಾಲ ಮಾಡಿದ್ದು 40,000. ಫೋನ್ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬಂತು.

ಬಿಡುವ ದಿನವನ್ನು ನಾನೇ ಗೊತ್ತು ಮಾಡುವ ಹಾಗೆ ಮಾಡಿದರು, ಆಮೇಲೆ ಅವರೇ ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸಿದರು, ಅದು ತುಂಬಾ ದೊಡ್ಡ ಧೈರ್ಯ.

ಮೆಡಿಕಲ್ ಸ್ಟೋರಿನಲ್ಲಿ ಸೇದುವ ಚಪಲ ಕಡಿಮೆ ಮಾಡುವ ನಿಕೋಟಿನ್ ಗಮ್ಮನ್ನೂ ತೆಗೆದುಕೊಂಡೆ. ಅದನ್ನು ಬಬಲ್‌ಗಮ್ ಥರ ಜೋರಾಗಿ ಅಗಿಯಬೇಡಿ, ಬಿಕ್ಕಳಿಕೆ ಬರುತ್ತದೆ. ನಿಧಾನಕ್ಕೆ ಅಗಿದು, ಬಾಯಿ ಚುರ್ ಅಂದ ತಕ್ಷಣ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟುಕೊಳ್ಳಿ. ಗಮ್ ಅಗ್ಗವೇನಲ್ಲ, ಎರಡು ತಿಂಗಳಿಗೆ ನನಗೆ ಸುಮಾರು 3,000 ಆಯಿತು. ಆದರೂ ಸಿಗರೇಟಿಗಿಂತ ಎಷ್ಟೋ ಕಡಿಮೆ.

ದಿನಾ ರಾತ್ರಿ 180 ರೂಪಾಯಿ ಸ್ಟೀಲ್ ಡಬ್ಬಿಗೆ ಹಾಕುತ್ತೇನೆ, ನೋಟು ಎಣಿಸುವ ಕೆಲಸ ಮಗಳದು. ಮೊನ್ನೆಗೆ 210 ದಿನ, 37,800 ರೂಪಾಯಿ. ಈ ಜೂನ್ ಫೀಸು ಅದೇ ಡಬ್ಬಿಯಿಂದ.