ಜರ್ಮನಿಗೆ ಓದಲು ಹೊರಟಿದ್ದೀರಾ? ವಿಮೆ ವಿನಾಯಿತಿ ಪತ್ರಕ್ಕೆ ಸಹಿ ಹಾಕುವ ಮುಂಚೆ ಇದನ್ನು ಓದಿ

ಮಾಸ್ಟರ್ಸ್ ಮಾಡಲು ಜರ್ಮನಿಗೆ ಹೊರಟವರು, ಮಕ್ಕಳನ್ನು ಕಳಿಸುತ್ತಿರುವ ತಂದೆತಾಯಿಯರು ದಯವಿಟ್ಟು ಪೂರ್ತಿ ಓದಿ. ವೀಸಾ, ಬ್ಲಾಕ್ಡ್ ಅಕೌಂಟ್ (ಅಲ್ಲಿನ ಖರ್ಚಿನ ದುಡ್ಡನ್ನು ಮುಂಚೆಯೇ ಹಾಕಿಟ್ಟು ತಿಂಗಳಿಗಿಷ್ಟೇ ಎಂದು ತೆಗೆಯುವ ಖಾತೆ), ರೂಮ್ ಹುಡುಕಾಟದ ಗಡಿಬಿಡಿಯಲ್ಲಿ ಆರೋಗ್ಯ ವಿಮೆಯ ಕಡೆ ಯಾರೂ ಸರಿಯಾಗಿ ನೋಡುವುದಿಲ್ಲ. ಕೆಲವು ಏಜೆಂಟರು ಕಾಯುತ್ತಿರುವುದೇ ಆ ಗಡಿಬಿಡಿಗೆ.

ನಾನು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ಮೂಲಕ ಬಂದವನು. ಬ್ಲಾಕ್ಡ್ ಅಕೌಂಟ್, ಪ್ರಯಾಣದ ವಿಮೆ, ಅಲ್ಲಿಗೆ ಹೋದ ಮೇಲಿನ ಪ್ರೈವೇಟ್ ಆರೋಗ್ಯ ವಿಮೆ, ಎಲ್ಲ ಸೇರಿಸಿ ಅವರೇ ಒಂದು ಪ್ಯಾಕೇಜ್ ಕೊಟ್ಟರು. ಪಬ್ಲಿಕ್ ವಿಮೆ ಯಾಕಿಲ್ಲ ಎಂದು ಕೇಳಿದಾಗ ಬಂದ ಉತ್ತರ ಇದು: "ಪಬ್ಲಿಕ್‌ಗೆ ತಿಂಗಳಿಗೆ ನೂರು ಯೂರೋ ಮೇಲೆ ಬೀಳುತ್ತದೆ. ಇದು ಬರೀ ಮೂವತ್ತು ಚಿಲ್ಲರೆ. ಬೇಕು ಅನ್ನಿಸಿದರೆ ಆಮೇಲೆ ಬದಲಾಯಿಸಿಕೊಳ್ಳಬಹುದು."

ಬೆಲೆಯ ವಿಷಯ ನಿಜ. 2025ರಲ್ಲಿ 30 ವರ್ಷದೊಳಗಿನ, ಮಕ್ಕಳಿಲ್ಲದ ವಿದ್ಯಾರ್ಥಿಗೆ ಪಬ್ಲಿಕ್ ವಿಮೆ, ಅದರ ಜೊತೆ ಕಡ್ಡಾಯವಾದ ಆರೈಕೆ ವಿಮೆ (ದೀರ್ಘಕಾಲ ಬೇರೆಯವರ ಆರೈಕೆ ಬೇಕಾದಾಗಿನ ಖರ್ಚಿಗೆ) ಸೇರಿ ತಿಂಗಳಿಗೆ 140ರಿಂದ 150 ಯೂರೋ ಆಸುಪಾಸು ಆಗುತ್ತಿತ್ತು. ಆದರೆ ಕೊನೆಯ ಮಾತು, ಆಮೇಲೆ ಬದಲಾಯಿಸಿಕೊಳ್ಳಬಹುದು ಅನ್ನುವುದು, ಶುದ್ಧ ಸುಳ್ಳು. ನನ್ನನ್ನು ಮುಳುಗಿಸಿದ್ದು ಆ ಒಂದು ಮಾತು.

ಇಲ್ಲಿನ ವ್ಯವಸ್ಥೆ ಹೀಗಿದೆ. ಜರ್ಮನಿಯಲ್ಲಿ ಆರೋಗ್ಯ ವಿಮೆ ಎಲ್ಲರಿಗೂ ಕಡ್ಡಾಯ. 1883ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಕಾರ್ಮಿಕರಿಗಾಗಿ ಶುರುವಾದ ಪಬ್ಲಿಕ್ ವಿಮೆಯಲ್ಲಿ ಇವತ್ತು ದೇಶದ ಸುಮಾರು ಶೇ 90ರಷ್ಟು ಜನ ಇದ್ದಾರೆ. ಟೆಕ್ನಿಕರ್, ಎಒಕೆ, ಬಾರ್ಮರ್ ಎಲ್ಲ ಈ ಸಾಲಿನ ವಿಮಾ ಸಂಸ್ಥೆಗಳು. ಯೂನಿವರ್ಸಿಟಿಗೆ ಸೇರಿದ ವಿದ್ಯಾರ್ಥಿಯೂ 30 ವರ್ಷದವರೆಗೆ ಸಹಜವಾಗಿ ಇದರೊಳಗೇ ಬರುತ್ತಾನೆ. ನಿಮಗೆ ಮೊದಲು ಏನು ಕಾಯಿಲೆ ಇತ್ತು ಎಂದು ಇವರು ಕೇಳುವ ಹಾಗಿಲ್ಲ, ಕಾಯಿಲೆ ಇದೆ ಎಂದು ಬೇಡ ಅನ್ನುವ ಹಾಗೂ ಇಲ್ಲ.

ಇದರಿಂದ ಹೊರಗೆ ಹೋಗಿ ಪ್ರೈವೇಟ್ ವಿಮೆ ಇಟ್ಟುಕೊಳ್ಳಬೇಕೆಂದರೆ, ವಿದ್ಯಾರ್ಥಿಯಾಗಿ ವಿಮೆ ಕಡ್ಡಾಯವಾದ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಿ ವಿನಾಯಿತಿ ಪಡೆಯಬೇಕು. ಜರ್ಮನ್‌ನಲ್ಲಿ ಅದಕ್ಕೆ ಬೆಫ್ರೈಯುಂಗ್ ಅನ್ನುತ್ತಾರೆ. ಒಮ್ಮೆ ಕೊಟ್ಟ ವಿನಾಯಿತಿಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ ಎಂದು ಕಾನೂನಿನಲ್ಲೇ ಬರೆದಿದೆ. ಓದು ಮುಗಿಯುವವರೆಗೂ ನೀವು ಪಬ್ಲಿಕ್ ವಿಮೆಯ ಹೊರಗೇ. ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಒಳಗೆ ಬಿಡುವುದಿಲ್ಲ.

ನನಗೆ ಆ ಅರ್ಜಿ ಬಂದದ್ದು ಇಮೇಲ್‌ನಲ್ಲಿ. ಪೂರ್ತಿ ಜರ್ಮನ್. ಜೊತೆಗೆ ಏಜೆಂಟ್ ಕಳಿಸಿದ ಒಂದೇ ಸಾಲು, "ಎನ್ರೋಲ್‌ಮೆಂಟ್‌ಗೆ ಬೇಕು, ಸುಮ್ನೆ ಫಾರ್ಮಾಲಿಟಿ, ಹಳದಿ ಬಣ್ಣ ಹಚ್ಚಿದ ಕಡೆ ಸಹಿ ಮಾಡಿ ಕಳಿಸಿ." ಹಳದಿ ಬಣ್ಣ ಇದ್ದದ್ದು ಸಹಿಯ ಜಾಗಕ್ಕೆ ಮಾತ್ರ. ಅದರ ಮೇಲಿನ ಪ್ಯಾರಾದಲ್ಲೇ, ಈ ನಿರ್ಧಾರವನ್ನು ಓದು ಮುಗಿಯುವ ತನಕ ಬದಲಾಯಿಸಲಾಗದು ಎಂಬ ವಾಕ್ಯ ಇತ್ತು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ಎರಡನೇ ಸೆಮಿಸ್ಟರ್‌ನಲ್ಲಿ ಒಂದು ರಾತ್ರಿ ಸೊಂಟದಿಂದ ಹೊಟ್ಟೆಯವರೆಗೆ ಹಿಂಡಿದಂಥ ನೋವು ಬಂತು. ಕಿಡ್ನಿ ಸ್ಟೋನ್. ಆಸ್ಪತ್ರೆಯವರ ಮೇಲೆ ನನ್ನ ದೂರಿಲ್ಲ, ತಕ್ಷಣ ಒಳಗೆ ಕರೆದುಕೊಂಡು ಇಂಜೆಕ್ಷನ್ ಕೊಟ್ಟರು. ಆದರೆ ಕೌಂಟರಿನಲ್ಲಿ ಇನ್ಶೂರೆನ್ಸ್ ಕಾರ್ಡ್ ಕೇಳಿದಾಗ ನನ್ನ ಹತ್ತಿರ ಇದ್ದದ್ದು ಫೋನ್‌ನಲ್ಲಿ ಒಂದು ಪಿಡಿಎಫ್. ಪಬ್ಲಿಕ್ ವಿಮೆಯವರಿಗೆ ಚಿಪ್ ಇರುವ ಕಾರ್ಡ್ ಇರುತ್ತದೆ. ಅದನ್ನು ಮೆಷಿನ್‌ಗೆ ಹಾಕಿದರೆ ಮುಗಿಯಿತು, ಉಳಿದ ಲೆಕ್ಕ ಆಸ್ಪತ್ರೆ ಮತ್ತು ವಿಮೆಯವರ ನಡುವೆ. ನನ್ನ ಕೈಯಲ್ಲಿ ಮಾತ್ರ, ಖರ್ಚೆಲ್ಲ ನಾನೇ ಕೊಡುತ್ತೇನೆ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ನೋವಿನಲ್ಲಿ ಪೆನ್ ಹಿಡಿಯಲೂ ಆಗುತ್ತಿರಲಿಲ್ಲ.

ಬಿಲ್ ಬಂತು, ಎರಡು ಸಾವಿರ ಯೂರೋ ಮೇಲೆ. ವಿಮೆ ಕಂಪನಿಗೆ ಕಳಿಸಿದೆ. ಅವರು ದುಡ್ಡಿನ ಬದಲು ಪ್ರಶ್ನೆಗಳ ಪಟ್ಟಿ ಕಳಿಸಿದರು. ಭಾರತದಲ್ಲಿ ಯಾವ ಡಾಕ್ಟರ ಹತ್ತಿರ ಹೋಗುತ್ತಿದ್ದಿರಿ, ಹಳೆಯ ರಿಪೋರ್ಟ್ ಕೊಡಿ, ಹಳೆಯ ಸ್ಕ್ಯಾನ್ ಕೊಡಿ. ಊರಿನಿಂದ ಅಪ್ಪ ಹುಡುಕಿ ಕಳಿಸಿದ ಒಂದು ಹಳೆಯ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಸಣ್ಣ ಕಲ್ಲು ಎಂದು ಒಂದು ಗೆರೆ ಬರೆದಿತ್ತು. ಅಷ್ಟೇ ಸಾಕಾಯಿತು. ಮೊದಲೇ ಇದ್ದ ಕಾಯಿಲೆ, ಪಾಲಿಸಿಯಲ್ಲಿ ಬರುವುದಿಲ್ಲ ಎಂದು ಕೈ ತೊಳೆದುಕೊಂಡರು. 2025ರಲ್ಲಿ ಬ್ಲಾಕ್ಡ್ ಅಕೌಂಟಿನಿಂದ ವಿದ್ಯಾರ್ಥಿಗೆ ತಿಂಗಳಿಗೆ ಸಿಗುತ್ತಿದ್ದದ್ದು 992 ಯೂರೋ. ಬಾಡಿಗೆ, ಊಟ ಎಲ್ಲ ಅದರಲ್ಲೇ. ಬಿಲ್ಲಿನ ದುಡ್ಡನ್ನು ಅಪ್ಪ ಸಾಲ ಮಾಡಿ ಕಳಿಸಿದರು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ನನ್ನ ಜೊತೆ ಓದುತ್ತಿದ್ದ ಒಬ್ಬ ಅಪೆಂಡಿಕ್ಸ್ ಆಪರೇಷನ್ ಆಗಿ ಐದು ದಿನ ಆಸ್ಪತ್ರೆಯಲ್ಲಿದ್ದ. ಪಬ್ಲಿಕ್ ವಿಮೆ. ಅವನು ಕಟ್ಟಿದ್ದು 50 ಯೂರೋ. ಪಬ್ಲಿಕ್‌ನಲ್ಲಿ ದೊಡ್ಡವರು ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೋ ಕೊಡಬೇಕು, ಅದೂ ವರ್ಷಕ್ಕೆ 28 ದಿನಕ್ಕೆ ಮಾತ್ರ. ಡಾಕ್ಟರು ಬರೆದುಕೊಟ್ಟ ಔಷಧಿಗೆ ಸಾಮಾನ್ಯವಾಗಿ 5ರಿಂದ 10 ಯೂರೋ. ಉಳಿದದ್ದು ವಿಮೆಯವರ ಪಾಡು.

ಬಿಲ್ ಬಂದ ಮೇಲೆ ಪಬ್ಲಿಕ್ ವಿಮೆಯ ಆಫೀಸಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದ ಹೆಂಗಸು ಕಂಪ್ಯೂಟರ್ ನೋಡಿ, ನನ್ನ ಹೆಸರಿನ ಮುಂದೆ ವಿನಾಯಿತಿ ದಾಖಲಾಗಿದೆ, ಏನೂ ಮಾಡಲಾಗದು ಎಂದರು. ಪಾರ್ಟ್ ಟೈಮ್ ಕೆಲಸ ಹಿಡಿದರೆ ಆಗುತ್ತದಾ ಎಂದೂ ವಿಚಾರಿಸಿದೆ. ಓದಿನ ಜೊತೆ ವಾರಕ್ಕೆ 20 ಗಂಟೆಯ ಒಳಗೆ ಮಾಡುವ ವೆರ್ಕ್‌ಸ್ಟೂಡೆಂಟ್ ಕೆಲಸದಲ್ಲಿ ನೀವು ವಿಮೆಯ ಲೆಕ್ಕಕ್ಕೆ ವಿದ್ಯಾರ್ಥಿಯಾಗಿಯೇ ಇರುತ್ತೀರಿ, ಹಾಗಾಗಿ ಅದರಿಂದಲೂ ಬಾಗಿಲು ತೆರೆಯುವುದಿಲ್ಲ. ಓದು ಮುಗಿದ ಮೇಲೆ ಇನ್ನೊಂದು ಪೇಚಾಟ. ಕೆಲಸ ಹುಡುಕಲು 18 ತಿಂಗಳವರೆಗೆ ಇಲ್ಲಿರಲು ಅನುಮತಿ ಸಿಗುತ್ತದೆ ನಿಜ. ಪಬ್ಲಿಕ್‌ನಲ್ಲಿ ಇದ್ದವರು ಜಾಸ್ತಿ ಕಂತು ಕಟ್ಟಿಯಾದರೂ ಅದರಲ್ಲೇ ಮುಂದುವರಿಯಬಹುದು. ನನ್ನಂಥವರು ಮತ್ತೆ ಅದೇ ಅಗ್ಗದ ಪಾಲಿಸಿಯನ್ನೇ ನಂಬಿಕೊಂಡು ಇರಬೇಕು. ಕೊನೆಗೆ ಪೂರ್ತಿ ಕೆಲಸ ಸಿಕ್ಕ ಮೊದಲ ದಿನದಿಂದ ನಾನು ಪಬ್ಲಿಕ್‌ಗೆ ಬಂದೆ. ಆ ಕಾರ್ಡ್ ಕೈಗೆ ಬರುವ ತನಕ ನೆಗಡಿ ಬಂದರೂ ಹೆದರಿಕೆ ಆಗುತ್ತಿತ್ತು.

30 ದಾಟಿ ಓದಲು ಬರುವವರಿಗೆ ಪರಿಸ್ಥಿತಿ ಇನ್ನೂ ಕಷ್ಟ. ವಿದ್ಯಾರ್ಥಿ ದರದ ಪಬ್ಲಿಕ್ ವಿಮೆ ಅವರಿಗಿಲ್ಲ, ನೇರವಾಗಿ ಭಾರತದಿಂದ ಬಂದವರಿಗೆ ಸ್ವಯಂ ಸೇರುವ ದಾರಿಯೂ ಸಾಮಾನ್ಯವಾಗಿ ಇರುವುದಿಲ್ಲ. ಭಾಷೆಯ ಕೋರ್ಸಿಗೆ ಮಾತ್ರ ಬರುವವರದ್ದೂ ಅದೇ ಕಥೆ. ಇಂಥವರು ಪ್ರೈವೇಟ್ ತೆಗೆದುಕೊಳ್ಳಲೇಬೇಕು. ಆದರೆ ಬೆಲೆ ನೋಡುವ ಮುಂಚೆ ಹಳೆಯ ಕಾಯಿಲೆ, ಹೆರಿಗೆ, ಹಲ್ಲು, ಮಾನಸಿಕ ಆರೋಗ್ಯದ ಬಗ್ಗೆ ಪಾಲಿಸಿಯಲ್ಲಿ ಏನು ಬರೆದಿದೆ ಎಂದು ಓದಿ. ಯೂರೋಪ್ ಒಕ್ಕೂಟದ ದೇಶಗಳಿಂದ ಬಂದ ಸಹಪಾಠಿಗಳನ್ನು ನೋಡಿ ಅವರ ಹಾಗೆ ಮಾಡಲು ಹೋಗಬೇಡಿ. ಅವರಿಗೆ ತಮ್ಮ ದೇಶದ ಕಾರ್ಡೇ ಇಲ್ಲಿ ನಡೆಯುತ್ತದೆ, ನಮಗೆ ನಡೆಯುವುದಿಲ್ಲ.

ಕೆಲಸಕ್ಕೆ ಬರುವವರಿಗೂ ಒಂದು ಮಾತು. 2025ರಲ್ಲಿ ವರ್ಷಕ್ಕೆ 73,800 ಯೂರೋ ದಾಟಿದ ಸಂಬಳ ಇದ್ದವರು ಪ್ರೈವೇಟ್ ಆರಿಸಿಕೊಳ್ಳಬಹುದಿತ್ತು, ಈ ಮಿತಿ ಸಾಮಾನ್ಯವಾಗಿ ವರ್ಷವರ್ಷ ಏರುತ್ತದೆ. ಅಂಥವರ ಹಿಂದೆ ಏಜೆಂಟರು ಬಿದ್ದೇ ಬೀಳುತ್ತಾರೆ. ಸಂಸಾರ ಇದೆಯಾ ನೋಡಿಕೊಳ್ಳಿ. ಪಬ್ಲಿಕ್‌ನಲ್ಲಿ ಆದಾಯ ಇಲ್ಲದ ಗಂಡ ಅಥವಾ ಹೆಂಡತಿ, ಮಕ್ಕಳು ಬೇರೆ ಕಂತಿಲ್ಲದೆ ಸೇರುತ್ತಾರೆ. ಪ್ರೈವೇಟ್‌ನಲ್ಲಿ ತಲೆಗೊಂದು ಕಂತು. 55 ದಾಟಿದ ಮೇಲೆ ಪ್ರೈವೇಟ್‌ನಿಂದ ಪಬ್ಲಿಕ್‌ಗೆ ವಾಪಸ್ ಬರುವುದು ಹೆಚ್ಚುಕಡಿಮೆ ಅಸಾಧ್ಯ.

ಈಗಾಗಲೇ ಪ್ಯಾಕೇಜ್ ಕೊಂಡು ಕುಳಿತವರು ಗಾಬರಿಯಾಗಬೇಡಿ. ಪ್ರೈವೇಟ್ ಪಾಲಿಸಿ ಕೊಂಡ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ವಿನಾಯಿತಿ ಪಡೆದರೆ ಮುಚ್ಚುತ್ತದೆ. ಅರ್ಜಿಗೆ ಇನ್ನೂ ಸಹಿ ಹಾಕಿಲ್ಲ ಅಂದರೆ ಇವತ್ತೇ ಯಾವುದಾದರೂ ಪಬ್ಲಿಕ್ ವಿಮೆಯ ವೆಬ್‌ಸೈಟಿನಲ್ಲಿ ನೀವೇ ಅರ್ಜಿ ಹಾಕಿ. ಏಜೆಂಟ್ ಬೇಕಾಗಿಲ್ಲ, ಸೇರಲು ಫೀಸೂ ಇಲ್ಲ. ನಿಮಗೆ ವಿಮೆ ಇದೆ ಎಂಬ ಸುದ್ದಿಯನ್ನು ಅವರೇ ಆನ್‌ಲೈನ್‌ನಲ್ಲಿ ಯೂನಿವರ್ಸಿಟಿಗೆ ಕಳಿಸುತ್ತಾರೆ. ಆಮೇಲೆ ಪ್ರೈವೇಟ್ ಪಾಲಿಸಿಯನ್ನು ರದ್ದು ಮಾಡಲು ಬರೆದು ಕೇಳಿ. ಏಜೆಂಟ್ ಮತ್ತೆ ಫೋನ್ ಮಾಡಿ ಆಮೇಲೆ ಬದಲಾಯಿಸಬಹುದು ಅಂದರೆ, ಅದೇ ಮಾತನ್ನು ಇಮೇಲ್‌ನಲ್ಲಿ ಬರೆದು ಕಳಿಸಲು ಹೇಳಿ.