ಬೆಳ್ಳಿ ನಾಣ್ಯದ ಮೇಲೆ ಕುದುರೆಗಾಡಿ: ಕೆನಡಾದ್ದೋ, ಐಲ್ ಆಫ್ ಮ್ಯಾನ್‌ನದೋ?

ಕುದುರೆಗಾಡಿಯ ಚಿತ್ರವಿರುವ ಬೆಳ್ಳಿ ನಾಣ್ಯ ಒಂದೇ ಒಂದು ಸಾಕು ಅನ್ನುವವರು ಕೆನಡಾದ 1992ರ ಡಾಲರ್ ತಗೊಳ್ಳಿ. ಬ್ರಿಟನ್ ಪಕ್ಕದ ದ್ವೀಪ ಐಲ್ ಆಫ್ ಮ್ಯಾನ್‌ನ 1976ರ ಕ್ರೌನ್ ಎಂಬ ದೊಡ್ಡ ನಾಣ್ಯ ಕೂಡ ನನ್ನ ಹತ್ತಿರ ಇದೆ. ಆದರೆ ಅದಕ್ಕಾಗಿ ಪಟ್ಟ ಪಾಡು ಯಾರಿಗೂ ಬೇಡ.

ಡಗ್ಲಸ್ ಊರಿನ ಕಡಲ ದಂಡೆಯಲ್ಲಿ 1876ರಲ್ಲಿ ಶುರುವಾದ ಕುದುರೆ ಟ್ರಾಮಿಗೆ ನೂರು ತುಂಬಿದಾಗ ಬಂದ ಕ್ರೌನ್ ಅದು. ತೊಡಕು ಏನೆಂದರೆ, ಅದೇ ಅಚ್ಚಿನಲ್ಲಿ ತಾಮ್ರ-ನಿಕ್ಕಲ್ ನಾಣ್ಯವೂ ಹೊರಬಂದಿದೆ. ಬೆಳ್ಳಿಯದೆಂದು ದುಡ್ಡು ತಗೊಂಡ ವ್ಯಾಪಾರಿ ನನಗೆ ಕಳಿಸಿದ್ದು ಅದನ್ನೇ. ನೋಟಕ್ಕೆ ಎರಡೂ ಬಿಳಿ, ಅಯಸ್ಕಾಂತ ಎರಡಕ್ಕೂ ಹಿಡಿಯದು, ತೂಕವೂ ಸುಳಿವು ಕೊಡದು. ಒರೆಗಲ್ಲಿಗೆ ಉಜ್ಜಿಸಿದರೆ ಗೆರೆ ಬಿದ್ದು ನಾಣ್ಯವೇ ಕೆಡುತ್ತದೆ.

ಉಳಿದದ್ದು ನೀರಿನ ಪರೀಕ್ಷೆ. ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಗಾಳಿಗುಳ್ಳೆ ಅಂಟಿದ್ದರೆ ಅಲ್ಲಾಡಿಸಿ ಬಿಡಿಸಿ. 28.28 ಗ್ರಾಂನ ಸ್ಟರ್ಲಿಂಗ್ (ಶೇ 92.5) ಬೆಳ್ಳಿಯಾದರೆ ತಕ್ಕಡಿ ಸುಮಾರು 2.7 ಗ್ರಾಂ ತೋರಿಸಬೇಕು, ತಾಮ್ರ-ನಿಕ್ಕಲ್ ಆದರೆ 3.2ರ ಹತ್ತಿರ. ನನಗೆ ಬಂದದ್ದು 3.2. ಫೋಟೊ ಕಳಿಸಿ ಜಗಳವಾಡಿದ ಮೇಲೆ ದುಡ್ಡು ವಾಪಸ್ ಬಂತು, ಅಂಚೆ ಖರ್ಚು ಮಾತ್ರ ಬರಲಿಲ್ಲ. ಅಸಲಿ ಬೆಳ್ಳಿಯದು ಆಮೇಲೆ ಬೇರೆಯವರ ಹತ್ತಿರ ಸಿಕ್ಕಿತು. ಅದನ್ನೂ ನೀರಿಗಿಳಿಸಿಯೇ ಒಳಗಿಟ್ಟೆ.

ಕೆನಡಾದ ಡಾಲರಿಗೆ ಈ ರಗಳೆಯೇ ಇಲ್ಲ. ಕಿಂಗ್‌ಸ್ಟನ್‌ನಿಂದ ಯಾರ್ಕ್‌ಗೆ, ಅಂದರೆ ಈಗಿನ ಟೊರಾಂಟೊಗೆ, 1817ರಲ್ಲಿ ಹೊರಟ ಕುದುರೆಗಾಡಿ ಸೇವೆಯ 175ನೇ ವರ್ಷದ ನೆನಪಿನದು. ಸಂಗ್ರಹಕಾರರಿಗಾಗಿ ಕನ್ನಡಿಯಂತೆ ಹೊಳೆಯುವ ಹಾಗೆ ಅಚ್ಚು ಹಾಕಿದ ಪ್ರೂಫ್ ಆಗಲಿ, ಮಾಮೂಲಿ ಹೊಳಪಿನದಾಗಲಿ, ಎರಡೂ ಶೇ 92.5 ಬೆಳ್ಳಿ. ಅದಕ್ಕೆ ಹಿಂದಿನ ವರ್ಷದವರೆಗೂ ಅಲ್ಲಿನ ಸ್ಮಾರಕ ಡಾಲರಿನಲ್ಲಿ ಬೆಳ್ಳಿ ಇದ್ದದ್ದು ಅರ್ಧ ಮಾತ್ರ, ಹಾಗಾಗಿ ಇಸವಿ ನೋಡಿ ಕೊಳ್ಳಿ. ತೂಕ 25.175 ಗ್ರಾಂ, ಕ್ರೌನಿಗಿಂತ ಮೂರು ಗ್ರಾಂ ಕಡಿಮೆ. ಅದೇನೂ ದೊಡ್ಡದಲ್ಲ.

ಅಮೆರಿಕದ ಆರೆಗಾನ್ ಟ್ರೇಲ್ ಅರ್ಧ ಡಾಲರ್ ಬಲು ಚೆಂದ, ಆದರೆ ಅದರಲ್ಲಿ ಗಾಡಿ ಎಳೆಯುವುದು ಎತ್ತು. ಬೆಲೆಯೂ ನನ್ನ ಕೈಗೆಟುಕದು.

ಮನೆಗೆ ಬಂದವರ ಕೈಗೆ ನಾಣ್ಯ ಕೊಟ್ಟು ತೋರಿಸುವುದು ನನಗಿಷ್ಟ. ಕನ್ನಡಿಯಂಥ ಪ್ರೂಫ್ ಮೇಲೆ ಬೆರಳಚ್ಚು ಕೂತರೆ ಹೋಗುವುದಿಲ್ಲ. ಅದಕ್ಕೇ ನನ್ನ ಆಯ್ಕೆ ಮಾಮೂಲಿ ಹೊಳಪಿನ ಕೆನಡಾ ಡಾಲರ್. ಡಬ್ಬಿ ಇಲ್ಲದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಬೆಳ್ಳಿಯ ದರಕ್ಕಿಂತ ತುಸು ಮೇಲೆ ಕೊಟ್ಟರೆ ಸಾಕು.