ಕಂಪನಿ ಕೊಡಿಸಿದ ‘ಔಟ್‌ಪ್ಲೇಸ್‌ಮೆಂಟ್’ ಸೇವೆ: ಮೂರು ತಿಂಗಳು ಬಳಸಿದವಳ ಅಭಿಪ್ರಾಯ

ಐದಕ್ಕೆ ಮೂರು ನಕ್ಷತ್ರ. ಅದರಲ್ಲಿ ಎರಡೂವರೆ ಒಬ್ಬ ಹೆಂಗಸಿಗೆ, ಅರ್ಧ ಒಂದು ವೆಬಿನಾರ್‌ಗೆ. ಪೋರ್ಟಲ್‌ಗೆ ಸೊನ್ನೆ.

ಇದೇನೆಂದು ಗೊತ್ತಿಲ್ಲದವರಿಗೆ: ಕೆಲಸದಿಂದ ತೆಗೆಯುವಾಗ ಕೆಲವು ಕಂಪನಿಗಳು ಕೊನೆಯ ಲೆಕ್ಕದ ಜೊತೆ ಹೊರಗಿನ ಒಂದು ಸಂಸ್ಥೆಯ ಸೇವೆಯನ್ನೂ ಕೊಡಿಸುತ್ತವೆ. ಅವರು ರೆಸ್ಯೂಮೆ ತಿದ್ದಿಕೊಡುತ್ತಾರೆ, ಸಂದರ್ಶನದ ತಾಲೀಮು ಮಾಡಿಸುತ್ತಾರೆ, ಒಬ್ಬ ಸಲಹೆಗಾರರನ್ನು ಗೊತ್ತುಮಾಡುತ್ತಾರೆ. ದುಡ್ಡು ಹಳೇ ಕಂಪನಿಯದು. ನಾನು ಹದಿನಾಲ್ಕು ವರ್ಷ ಪೇರೋಲ್‌ ವಿಭಾಗದಲ್ಲಿ, ಅಂದರೆ ಸಿಬ್ಬಂದಿಯ ಸಂಬಳದ ಲೆಕ್ಕ ನೋಡುವ ಕಡೆ, ಇದ್ದವಳು. ಬಿಟ್ಟು ಹೋಗುವವರ ಲೆಕ್ಕ ಚುಕ್ತಾ ಮಾಡುತ್ತಿದ್ದದ್ದು ನಾನೇ. ಈ ಸೇವೆಯ ಬಿಲ್ಲನ್ನೂ ಎಷ್ಟೋ ಸಲ ಪಾಸ್ ಮಾಡಿದ್ದೇನೆ, ಒಳಗೇನಿದೆ ಅಂತ ಒಂದು ದಿನವೂ ಕೇಳಿದವಳಲ್ಲ.

ಮೊದಲು ತಕರಾರು. ಮೂರು ತಿಂಗಳ ಗಡಿಯಾರ ಶುರುವಾಗುವುದು ನಾವು ಲಾಗಿನ್ ಆದ ದಿನದಿಂದಲ್ಲ, ಪತ್ರ ಕೈಗೆ ಕೊಟ್ಟ ದಿನದಿಂದ. ಇದು ನನಗೆ ಗೊತ್ತಾಗಿದ್ದು ಹತ್ತೊಂಬತ್ತನೇ ದಿನ. ಅಲ್ಲಿಯವರೆಗೆ ಲ್ಯಾಪ್‌ಟಾಪ್ ತೆರೆಯುವ ಮನಸ್ಸೇ ಇರಲಿಲ್ಲ. ಬೆಳಿಗ್ಗೆ ಅಲಾರಾಂ ಇಲ್ಲದಿದ್ದರೂ ಆರಕ್ಕೇ ಎಚ್ಚರ, ಎದ್ದು ಮಾಡುವುದೇನು ಅಂತ ಮತ್ತೆ ಮಲಗುವುದು. ಆ ಹತ್ತೊಂಬತ್ತು ದಿನ ವಾಪಸ್ ಕೊಡಿ ಅಂತ ಮೇಲ್ ಹಾಕಿದೆ. ‘ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ’ ಎಂದು ಉತ್ತರ ಬಂತು. ಸಹಿ ಹಾಕುವ ಮೊದಲೇ ಎಚ್‌ಆರ್ ಹತ್ತಿರ ಆರಂಭದ ದಿನಾಂಕ ಮುಂದಕ್ಕೆ ಹಾಕಿಸಿಕೊಳ್ಳಿ. ಆ ಮೇಜಿನ ಎದುರು ಕೂತಾಗ ಇದೆಲ್ಲ ಹೊಳೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರೆಸ್ಯೂಮೆ. ಕಳಿಸಿದ ನಾಲ್ಕನೇ ದಿನ ‘ವೃತ್ತಿಪರರು’ ತಿದ್ದಿದ ಪ್ರತಿ ಬಂತು. ನೋಡಲು ಮದುವೆ ಕರೆಯೋಲೆಯ ಹಾಗಿತ್ತು. ಎಡಕ್ಕೊಂದು ನೀಲಿ ಪಟ್ಟಿ, ಬಲಕ್ಕೊಂದು ಅಂಕಣ, ಎಕ್ಸೆಲ್ ಎದುರು ಐದು ಚುಕ್ಕಿ, ನಾಲ್ಕಕ್ಕೆ ಬಣ್ಣ. ನನ್ನ ಐದನೇ ಚುಕ್ಕಿ ಯಾವ ತಪ್ಪಿಗೆ ಹೋಯಿತೋ! ಮೊದಲ ಸಾಲು: ‘ಫಲಿತಾಂಶವೇ ಉಸಿರಾದ ಕ್ರಿಯಾಶೀಲ ವೃತ್ತಿಪರೆ’. ಎರಡು ಸಾವಿರ ಜನರ ಸಂಬಳ ಪ್ರತಿ ತಿಂಗಳೂ ದಿನ ತಪ್ಪದೆ ಹಾಕಿದ್ದೇನೆ ಅನ್ನುವ ನನ್ನ ಸಾಲು ಎಲ್ಲೂ ಇಲ್ಲ.

ಜೊತೆಗೆ ಪೋರ್ಟಲ್ ಒಂದು ಅಂಕವನ್ನೂ ಕೊಟ್ಟಿತು: ನೂರಕ್ಕೆ 62. ಎರಡು ರಾತ್ರಿ ಪದಗಳನ್ನು ಅತ್ತಿತ್ತ ಮಾಡಿ 81ಕ್ಕೆ ಏರಿಸಿದೆ. ಆಮೇಲೆ ಸಲಹೆಗಾರ್ತಿ ಹೇಳಿದರು, “ಮೇಡಂ, ಆ ಅಂಕ ನಮ್ಮ ಪೋರ್ಟಲ್‌ನದು. ಕೆಲಸ ಕೊಡುವವರು ಯಾರೂ ಅದನ್ನ ನೋಡಲ್ಲ.” ಕಂಪನಿಗಳು ಬಳಸುವ ಎಟಿಎಸ್ ಬೇರೆ. ಅರ್ಜಿಗಳನ್ನು ಒಂದು ಕಡೆ ಕೂಡಿಟ್ಟು, ರೆಸ್ಯೂಮೆಯಿಂದ ಹೆಸರು, ಹುದ್ದೆ, ದಿನಾಂಕ ಹೆಕ್ಕಿ ಹುಡುಕಲು ಅನುಕೂಲ ಮಾಡಿಕೊಡುವ ತಂತ್ರಾಂಶ ಅದು. ನಮ್ಮ ಅರ್ಜಿ ಸೀದಾ ಕಸಕ್ಕೆ ಹೋಗುವುದು ಹೆಚ್ಚಾಗಿ ಅರ್ಜಿಯಲ್ಲೇ ಕೇಳುವ ಹೌದು–ಇಲ್ಲ ಪ್ರಶ್ನೆಗಳಿಂದ: ಇಷ್ಟು ವರ್ಷ ಅನುಭವ ಇದೆಯೇ, ಈ ಊರಲ್ಲಿ ಕೆಲಸ ಮಾಡುತ್ತೀರಾ, ಈ ಪ್ರಮಾಣಪತ್ರ ಇದೆಯೇ. ಅವಸರದಲ್ಲಿ ಅಲ್ಲೊಂದು ತಪ್ಪು ಒತ್ತಿದರೆ ರೆಸ್ಯೂಮೆ ಎಷ್ಟು ಚೆನ್ನಾಗಿದ್ದೂ ಉಪಯೋಗವಿಲ್ಲ.

ಒಂದು ಪರೀಕ್ಷೆಯನ್ನೂ ಅವರೇ ಹೇಳಿಕೊಟ್ಟರು. ಪಿಡಿಎಫ್ ತೆರೆದು, ಎಲ್ಲವನ್ನೂ ಆರಿಸಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಅಂಟಿಸಿ ಓದುವುದು. ಆ ನೀಲಿ ಪಟ್ಟಿಯ ರೆಸ್ಯೂಮೆಯನ್ನು ಹಾಗೆ ಅಂಟಿಸಿದೆ. ಎಡದ ಅಂಕಣದ್ದು ಬಲಕ್ಕೆ ಸೇರಿ, ನನ್ನ ಪದವಿಯ ವರ್ಷ ಹೋಗಿ ಮೊದಲ ಕೆಲಸದ ಮೇಲೆ ಕೂತಿತ್ತು, ಫೋನ್ ನಂಬರ್ ‘ಭಾಷೆಗಳು’ ಎಂಬುದರ ಕೆಳಗೆ. ಅವತ್ತೇ ಅದನ್ನು ಬಿಸಾಕಿ ಒಂದೇ ಅಂಕಣದಲ್ಲಿ, ಚುಕ್ಕಿ ಬಣ್ಣ ಏನೂ ಇಲ್ಲದೆ ನಾನೇ ಬರೆದುಕೊಂಡೆ.

ಪೋರ್ಟಲ್‌ನ ಸಂದರ್ಶನ ತಾಲೀಮಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕ್ಯಾಮೆರಾ ನೋಡಿ ಉತ್ತರಿಸಬೇಕು, ಅದು ‘ಕಣ್ಣಿನ ಸಂಪರ್ಕ’ಕ್ಕೆ ಅಂಕ ಕೊಡುತ್ತದೆ. ನಾನು ಪರದೆಯ ಮೇಲಿನ ಪ್ರಶ್ನೆ ಓದುತ್ತಿದ್ದೆ, ಅದಕ್ಕೆ ಕಡಿಮೆ ಬಂತು.

ಈಗ ಆ ಎರಡೂವರೆ ನಕ್ಷತ್ರ. ನನಗೆ ಸಿಕ್ಕ ಸಲಹೆಗಾರ್ತಿ ಐವತ್ತು ದಾಟಿದವರು, ಮಾತು ಕಡಿಮೆ. ಆರು ಕರೆ, ಒಂದೊಂದು ನಲವತ್ತೈದು ನಿಮಿಷ. ಮೊದಲ ಕರೆಯಲ್ಲಿ “ಕೆಲಸ ಯಾಕೆ ಹೋಯಿತು, ಹೇಳಿ” ಅಂದರು. ಹೇಳಿದೆ. ಮುಗಿದ ಮೇಲೆ “ನಾಲ್ಕು ನಿಮಿಷ ಆಯಿತು ಮೇಡಂ, ಮೂರು ಸಲ ನಿಮ್ಮ ಮ್ಯಾನೇಜರ್ ಹೆಸರು ಬಂತು” ಅಂದರು. ಮೈ ಉರಿಯಿತು.

ಆಮೇಲೆ ಹೋಂವರ್ಕ್ ಕೊಟ್ಟರು: ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಕೆಲಸ ಹೋದದ್ದರ ಬಗ್ಗೆ ಮನಸ್ಸಿನಲ್ಲಿದ್ದದ್ದೆಲ್ಲ ಬರೆಯಬೇಕು. ಯಾರಿಗೂ ತೋರಿಸಬೇಕಿಲ್ಲ. ಇದರ ಹಿಂದೆ ಒಂದು ಸಂಶೋಧನೆ ಇದೆ. 1994ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಜೊತೆಗಾರರು ಕೆಲಸ ಕಳೆದುಕೊಂಡ 63 ವೃತ್ತಿಪರರ ಮೇಲೆ ನಡೆಸಿದ್ದು. ಹೀಗೆ ಬರೆದವರಿಗೆ ಉಳಿದವರಿಗಿಂತ ಬೇಗ ಕೆಲಸ ಸಿಕ್ಕಿತಂತೆ. ಹುಡುಕುವ ಹುಮ್ಮಸ್ಸು ಹೆಚ್ಚಾಗಿದ್ದರಿಂದಲ್ಲ, ಹಳೇ ಕೆಲಸವನ್ನು ನೋಡುವ ಬಗೆ ಬದಲಾಗಿದ್ದರಿಂದ. ನನಗೆ ನಂಬಿಕೆ ಇರಲಿಲ್ಲ. ಮೊದಲ ಮೂರು ದಿನ ಬರೀ ಬೈಗುಳ ಬರೆದೆ. ನಾಲ್ಕನೇ ದಿನ ಬೈಗುಳ ಖಾಲಿಯಾಯಿತು, ಬೇರೇನೋ ಬರೆಯಬೇಕಾಯಿತು. ಎರಡನೇ ಕರೆಯ ಹೊತ್ತಿಗೆ ನನ್ನ ಉತ್ತರ ಇಷ್ಟಕ್ಕೆ ಇಳಿದಿತ್ತು: “ನಮ್ಮ ಪೇರೋಲನ್ನು ಹೊರಗಿನ ಕಂಪನಿಗೆ ವಹಿಸಿದರು, ಒಂಬತ್ತು ಹುದ್ದೆ ಹೋದವು, ಅದರಲ್ಲಿ ನನ್ನದೂ ಒಂದು.”

ಇನ್ನೊಂದು, ಹೆಸರುಗಳ ಪಟ್ಟಿ. ಮೂವತ್ತು ಹೆಸರು ಬರೆಯಿರಿ, ಆದರೆ ದಿನಾ ಮಾತಾಡುವವರು ಬೇಡ ಅಂದರು. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ತೋರಿಸಿದ್ದ ವಿಷಯ: ಪರಿಚಯದವರಿಂದ ಕೆಲಸ ಸಿಕ್ಕವರಲ್ಲಿ ಸುಮಾರು ಆರಕ್ಕೊಬ್ಬರಿಗೆ ಮಾತ್ರ ಅದು ಪದೇ ಪದೇ ಭೇಟಿಯಾಗುವವರಿಂದ ಬಂದಿತ್ತು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರ ಲೋಕವೇ ಬೇರೆ. ಓದಲು ಸುಲಭ. ಆರು ವರ್ಷ ಮಾತಾಡದವರಿಗೆ ಮೆಸೇಜ್ ಹಾಕುವಾಗ ಕೈ ನಡುಗುತ್ತದೆ. ನನ್ನ ಮೊದಲ ಕರಡು ‘ಎಲ್ಲಾದರೂ ಕೆಲಸ ಇದ್ದರೆ ದಯವಿಟ್ಟು ತಿಳಿಸಿ’ ಅಂತಿತ್ತು. ಅವರು ಹೊಡೆದು ಹಾಕಿಸಿದರು. ಆ ಮೆಸೇಜಿಗೆ ‘ಖಂಡಿತ’ ಅನ್ನುವುದು ಬಿಟ್ಟು ಬೇರೆ ಉತ್ತರವೇ ಇಲ್ಲವಂತೆ. ಬದಲಿಗೆ, ‘ನಿಮ್ಮಲ್ಲಿ ಪೇರೋಲ್ ಯಾರು ನೋಡಿಕೊಳ್ಳುತ್ತಾರೆ? ಅವರ ಜೊತೆ ಹದಿನೈದು ನಿಮಿಷ ಮಾತಾಡಬಹುದೇ?’ ಹನ್ನೊಂದು ಜನ ಉತ್ತರಿಸಿದರು. ಅತಿ ಉಪಯೋಗಕ್ಕೆ ಬಂದವರು ಹಿಂದೆಂದೋ ಎರಡು ದಿನ ತಂತ್ರಾಂಶದ ತರಬೇತಿ ಕೊಡಲು ಬಂದಿದ್ದ ಒಬ್ಬರು. ಅವರ ಮುಖವೇ ನನಗೆ ಸರಿಯಾಗಿ ನೆನಪಿರಲಿಲ್ಲ.

ಅರ್ಧ ನಕ್ಷತ್ರದ ವೆಬಿನಾರ್ ಲಿಂಕ್ಡ್‌ಇನ್ ಬಗ್ಗೆ. ‘ಓಪನ್ ಟು ವರ್ಕ್’ ಅಂದರೆ ಫೋಟೋ ಸುತ್ತ ಹಸಿರು ಬಳೆ ಹಾಕಿಕೊಳ್ಳುವುದು ಮಾತ್ರ ಅಂದುಕೊಂಡಿದ್ದೆ. ನೇಮಕಾತಿ ಮಾಡುವವರಿಗಷ್ಟೇ ಕಾಣುವಂತೆ, ಬಳೆ ಇಲ್ಲದೆಯೂ ಇಡಬಹುದು. ನೆಂಟರಿಷ್ಟರಿಗೆ ಇನ್ನೂ ಹೇಳದವರಿಗೆ ಇದು ಗೊತ್ತಿರಲಿ.

ಪೋರ್ಟಲ್‌ನ ಉದ್ಯೋಗ ಸೂಚನೆಗಳೋ, ‘ಪೇರೋಲ್’ ಅಂದರೆ ‘ಪೇಲೋಡ್ ಎಂಜಿನಿಯರ್’ ತೋರಿಸುತ್ತಿದ್ದವು. ಒಂದೇ ಒಂದು ಸರಿಯಾದದ್ದು ಬಂತು: ನಮ್ಮ ಪೇರೋಲ್ ವಹಿಸಿಕೊಂಡ ಅದೇ ಕಂಪನಿಯಲ್ಲಿ, ಹೆಚ್ಚುಕಡಿಮೆ ನನ್ನದೇ ಕೆಲಸ. ಅರ್ಜಿ ಹಾಕಲಿಲ್ಲ ಅಂತ ಬರೆಯಬೇಕಿತ್ತು. ಹಾಕಿದೆ.

ಈ ಸೇವೆ ತೆಗೆದುಕೊಳ್ಳಬೇಕೇ? ಕಂಪನಿ ಇದರ ಬದಲು ನಗದು ಕೊಡಲು ಒಪ್ಪಿದರೆ ನಾನಾದರೆ ನಗದೇ ತೆಗೆದುಕೊಳ್ಳುತ್ತೇನೆ. ಇಲ್ಲವಾದರೆ ಪೋರ್ಟಲ್ ಮರೆತು, ಮೊದಲ ದಿನವೇ ಸಲಹೆಗಾರರ ಆರೂ ಕರೆಗಳಿಗೆ ದಿನ ಗೊತ್ತುಮಾಡಿಕೊಳ್ಳಿ. ಸಿಕ್ಕವರು ಸರಿ ಇಲ್ಲದಿದ್ದರೆ ಬದಲಾಯಿಸಿ ಕೊಡಿ ಅಂತ ಕೇಳಿ. ನನ್ನ ಪಕ್ಕದ ಸೀಟಿನವಳು ಕೇಳಿದಳು, ಕೊಟ್ಟರು.

ನನ್ನ ಖಾತೆ ಮುಗಿಯಲು ಇನ್ನು ನಾಲ್ಕು ದಿನ ಇದೆ. ಗುರುವಾರ ಆ ಕಂಪನಿಯಲ್ಲಿ ಎರಡನೇ ಸುತ್ತು. ಸಂದರ್ಶನ ಮಾಡುವವರಲ್ಲಿ ಒಂದು ಹೆಸರು ಪರಿಚಯದ್ದು, ಬಿಡುವ ಮೊದಲು ಮೂರು ವಾರ ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಕೆಲಸ ಹೇಳಿಕೊಟ್ಟ ಹುಡುಗ.